ಚಾಟನ್ ಗ್ರಾಮದಲ್ಲಿ ಒಂದು ಹಗಲು

ಇಂಗ್ಲೆಂಡಿಗೆ ಹೋಗಿಬಂದವರು ಲಂಡನ್ ನಗರದ ಸೇತುವೆಗಳನ್ನೂ ಅರಮನೆಗಳನ್ನೂ ವರ್ಣಿಸುವುದು ವಾಡಿಕೆ. ನಾನು ವಾಚಕರಿಗೆ ಹೇಳಬೇಕೆಂದಿರುವುದು ಒಂದು ಹಳ್ಳಿಯ ಮನೆಯ ವಿಷಯ. ಕಳೆದ ಬೇಸಗೆಯಲ್ಲಿ ನಾನೂ ನನ್ನ ಪತ್ನಿಯೂ ಮಗಳ ಮನೆಗೆಂದು ಆ ದೇಶಕ್ಕೆ ಹೋಗಿದ್ದಾಗ ಅದನ್ನು ನೋಡಿಬಂದೆವು. ಅಲ್ಲಿ ಚಿನ್ನ ಬೆಳ್ಳಿಯ ವೈಭವವಿಲ್ಲ. ರಾಜರು ಬಾಳಿದ ಸ್ಥಳವೂ ಅದಲ್ಲ. ವಿಧವೆಯಾದ ಒಬ್ಬ ತಾಯಿ, ಮದುವೆಯಾಗದ ಅವರ ಇಬ್ಬರು ಹೆಣ್ಣುಮಕ್ಕಳು, ಅವರ ಗೆಳತಿಯೊಬ್ಬಳು, ಹೀಗೆ ನಾಲ್ವರು ಹೆಂಗಸರು ಇನ್ನೂರು ವರ್ಷಗಳ ಹಿಂದೆ ಮಿತವಾದ ವರಮಾನದಲ್ಲಿ ಸಂಸಾರ ಸಾಗಿಸಿದ ಮನೆ ಅದು. ಆ ಹೆಣ್ಣುಮಕ್ಕಳಲ್ಲಿ ಕಿರಿಯಳ ಹೆಸರು ಜೇನ್ ಆಸ್ಟೆನ್. ಆಂಗ್ಲ ಸಾಹಿತ್ಯದ ಪರಿಚಯವುಳ್ಳವರು ಆಕೆಯ ಹೆಸರನ್ನು ಕೇಳದೆ ಇರಲಾರರು.

ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ರೈಲು ಹತ್ತಿ ಸುಮಾರು ಐವತ್ತು ಮೈಲಿ ಹೋದರೆ ಹ್ಯಾಂಪ್‌ಷೈರ್ ಸೀಮೆಯ ಆಲ್ಟನ್ ಎಂಬ ಊರು ಸಿಕ್ಕುವುದು. ಆ ರೈಲಿಗೆ ಅದೇ ಕೊನೆಯ ನಿಲ್ದಾಣ. ಅಲ್ಲಿಂದ ಚಾಟನ್ ಗ್ರಾಮಕ್ಕೆ ಒಂದೂವರೆ ಮೈಲಿಯಷ್ಟು ದಾರಿ. ಹವೆ ತಂಪಾಗಿದ್ದುದರಿಂದ ನಾವು ನಡೆದೇ ಹೊರಟೆವು. ಜೇನಳೂ ಸಾಮಾನು ಕೊಳ್ಳುವುದಕ್ಕೆಂದು ಚಾಟನ್ನಿನಿಂದ ಆಲ್ಟನ್ನಿಗೆ ಹೀಗೆಯೇ ನಡೆದು ಬರುತ್ತಿದ್ದಳಂತೆ.

ಮನೆಯು ರಸ್ತೆಯ ಅಂಚಿಗೇ ಇರುವುದು. ಕೆಂಪು ಇಟ್ಟಿಗೆಯ ಗೋಡೆ, ಹೆಂಚಿನ ಇಳಿಜಾರು ಮಾಡು, ಹಿಂದೆ ಹೂದೋಟ. ಈಗ ದೊಡ್ಡ ರಸ್ತೆಯು ಊರನ್ನು ಬಳಸಿಕೊಂಡು ಹೋಗುವುದರಿಂದ ಅಲ್ಲಿ ಸದ್ದಿಲ್ಲ. ಆದರೆ ಆ ಕಾಲದಲ್ಲಿ ವಿಂಚೆಸ್ಟರಿಗೆ ಹೋಗುವ ಕುದುರೆಗಾಡಿಗಳೆಲ್ಲ ಕಿಟಕಿಯ ಮುಂದೆಯೇ ಓಡುತ್ತಿದ್ದವು. ದಾರಿಗರ ಕಣ್ಣು ಒಳಗೆ ಬೀಳದಿರಲೆಂದು ರಸ್ತೆಯ ಕಡೆಯ ಒಂದು ದೊಡ್ಡ ಕಿಟಕಿಯನ್ನು ಮುಚ್ಚಿಸಿ, ತೋಟದ ಕಡೆಗೆ ಹೊಸ ಕಿಟಕಿಯನ್ನು ತೆಗೆಸಿರುವುದು ಇಂದಿಗೂ ಕಾಣುವುದು.

ಒಳಗೆ ಹೋದೊಡನೆ ಅದು ಸಾಮಾನ್ಯ ಗೃಹಸ್ಥರ ಮನೆಯೆಂಬುದು ಮನಸ್ಸಿಗೆ ಬರುತ್ತದೆ. ತಾಯಿಯೂ ಹೆಣ್ಣುಮಕ್ಕಳೂ ಸೇರಿ ಚೂರುಬಟ್ಟೆಗಳನ್ನು ಜೋಡಿಸಿ ಹೊಲಿದ ಒಂದು ಕೌದಿಯನ್ನು ಅಲ್ಲಿ ಇಟ್ಟಿದ್ದಾರೆ. ನಮ್ಮ ಅಜ್ಜಿಯರ ಕೈಯ ಕೌದಿಗಳನ್ನು ಬಲ್ಲವರು ಆ ಹೊಲಿಗೆಯ ತಾಳ್ಮೆಯನ್ನು ಕೂಡಲೇ ಗುರುತಿಸುವರು. ಹೊರಗಿನ ಕಟ್ಟಡದಲ್ಲಿ ಕತ್ತೆಯನ್ನು ಕಟ್ಟಿ ಎಳೆಸುತ್ತಿದ್ದ ಒಂದು ಚಿಕ್ಕ ಬಂಡಿಯುಂಟು. ಊಟದ ಕೊಠಡಿಯ ಕಿಟಕಿಯ ಬಳಿ, ಒಂದೇ ಕಂಬದ ಮೇಲೆ ನಿಂತ, ಹನ್ನೆರಡು ಮೂಲೆಗಳ ಆಕ್ರೋಟು ಮರದ ಪುಟ್ಟ ಮೇಜು. ಅದರ ಮೇಲೆ ಒಂದು ಮಸಿಕುಡಿಕೆ, ಒಂದು ಗರಿಯ ಲೇಖನಿ, ನಾಲ್ಕು ಹಾಳೆ ಕಾಗದ ಇಟ್ಟರೆ ಮೊಣಕೈ ಊರಲು ಎಡೆ ಉಳಿಯದು. ಜಗತ್ತು ಇನ್ನೂರು ವರ್ಷಗಳಿಂದ ಓದುತ್ತಿರುವ ಗ್ರಂಥಗಳು ಬರೆಯಲ್ಪಟ್ಟದ್ದು ಆ ಮೇಜಿನ ಮೇಲೆ ಎಂದು ಹೇಳುವರು.

ನಾನು ಆ ಮೇಜನ್ನು ನೋಡುತ್ತ ನಿಂತಿದ್ದೆ. ನನ್ನ ಪತ್ನಿಯು ಅಡುಗೆಮನೆಯನ್ನು ನೋಡಿಕೊಂಡು ಹಿಂದಿರುಗಿ, "ಎಲ್ಲಾ ಸರಿಯೆ. ಈಕೆ ಇಲ್ಲಿ ಕುಳಿತು ಬರೆಯುತ್ತಿದ್ದಾಗ ಮನೆಗೆಲಸವನ್ನು ಯಾರು ನೋಡುತ್ತಿದ್ದರು? ಅದು ನಿಮ್ಮ ಪುಸ್ತಕಗಳಲ್ಲಿ ಬರೆದಿದೆಯೆ?" ಎಂದು ಕೇಳಿದಳು.

ಬರೆದಿದೆ. ಆದರೆ ಅದು ಕೇಳಬೇಕಾದ ಪ್ರಶ್ನೆಯೆಂದು ಅದುವರೆಗೆ ನನಗೆ ತೋರಿರಲಿಲ್ಲ. ಆ ಪ್ರಶ್ನೆಯನ್ನು ಹಿಡಿದುಕೊಂಡು ನೋಡಿದರೆ ಈ ಗ್ರಂಥಕರ್ತ್ರಿಯ ಬಾಳು ಬೇರೊಂದು ಬೆಳಕಿನಲ್ಲಿ ಕಾಣುವುದು.

ಜೇನ್ ಹುಟ್ಟಿದ್ದು ೧೭೭೫ರಲ್ಲಿ, ಇದೇ ಸೀಮೆಯ ಸ್ಟೀವೆಂಟನ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಪಾದ್ರಿ. ಇಪ್ಪತ್ತು ಇಪ್ಪತ್ತೆರಡರ ಪ್ರಾಯದಲ್ಲಿಯೇ ಆಕೆ ಕಾದಂಬರಿಗಳನ್ನು ಬರೆದು ಮನೆಯವರಿಗೆ ಓದಿ ಹೇಳುತ್ತಿದ್ದಳು. ೧೭೯೭ರಲ್ಲಿ ತಂದೆಯು ಅವುಗಳಲ್ಲೊಂದನ್ನು ಕುರಿತು ಒಬ್ಬ ಪ್ರಕಾಶಕನಿಗೆ ಕಾಗದ ಬರೆದರೆ, ಹಸ್ತಪ್ರತಿಯನ್ನು ತರಿಸಿ ನೋಡದೆಯೇ ಬೇಡವೆಂಬ ಉತ್ತರ ಬಂದಿತು. ೧೮೦೩ರಲ್ಲಿ ಇನ್ನೊಂದು ಕಾದಂಬರಿಯನ್ನು ಬೇರೊಬ್ಬ ಪ್ರಕಾಶಕನು ಹತ್ತು ಪೌಂಡಿಗೆ ಕೊಂಡು, ಅಚ್ಚುಮಾಡಿಸದೆ ಹಾಗೆಯೇ ಇಟ್ಟುಕೊಂಡನು. ಇದರ ನಡುವೆ, ೧೮೦೧ರಲ್ಲಿ, ತಂದೆಯು ಸ್ಟೀವೆಂಟನ್ನಿನ ಮನೆಯನ್ನು ಬಿಟ್ಟು ಬಾತ್ ನಗರಕ್ಕೆ ಸಂಸಾರವನ್ನು ಸಾಗಿಸಿದ್ದನು. ೧೮೦೫ರಲ್ಲಿ ಆತನು ತೀರಿಕೊಂಡನು. ಅನಂತರ ಹೆಂಗಸರ ಪಾಡು ಬಾಡಿಗೆಯ ಬಿಡಾರಗಳಲ್ಲಿ, ನೆಂಟರ ಮನೆಗಳಲ್ಲಿ, ಅಣ್ಣನೊಬ್ಬನ ಜೊತೆಯಲ್ಲಿ ಎಂಬಂತಾಯಿತು. ಈ ಎಂಟು ವರ್ಷಗಳಲ್ಲಿ ಜೇನಳು ಒಂದು ಕಾದಂಬರಿಯನ್ನು ಆರಂಭಿಸಿ ಅರ್ಧದಲ್ಲಿಯೇ ಬಿಟ್ಟಳು. ಕಲ್ಪನಾಶಕ್ತಿಯು ಬತ್ತಿತೆಂದಲ್ಲ, ನೆಲೆಯಿಲ್ಲದ ಬಾಳಿನಲ್ಲಿ ಲೇಖನಿಗೂ ನೆಲೆಯಿರಲಿಲ್ಲ ಎಂದು ತೋರುತ್ತದೆ.

ಅಣ್ಣಂದಿರಲ್ಲಿ ಎಡ್ವರ್ಡ್ ಎಂಬಾತನು ಶ್ರೀಮಂತ ನೆಂಟರ ಮನೆಗೆ ದತ್ತುಹೋಗಿದ್ದನು. ಚಾಟನ್ನಿನ ಜಮೀನು ಅವನಿಗೆ ಬಂದಿತ್ತು. ಅವನು ೧೮೦೯ರಲ್ಲಿ ಈ ಮನೆಯನ್ನು ತಾಯಿಗೂ ತಂಗಿಯರಿಗೂ ಬಿಟ್ಟುಕೊಟ್ಟನು. ಆ ವರ್ಷದ ಜುಲೈಯಲ್ಲಿ ಅವರು ಬಂದು ನೆಲಸಿದರು. ಮುಂದಿನ ಎಂಟು ವರ್ಷಗಳಲ್ಲಿ ಹಳೆಯ ಕಾದಂಬರಿಗಳು ತಿದ್ದಲ್ಪಟ್ಟವು. ಹೊಸವು ಮೂರು ಹುಟ್ಟಿದವು.

ಆ ಮನೆಯ ದಿನಚರಿಯನ್ನು ಜೇನಳ ಅಣ್ಣನ ಮಗಳಾದ ಕ್ಯಾರೊಲೀನ್ ತನ್ನ ಮುಪ್ಪಿನಲ್ಲಿ ನೆನೆದು ಬರೆದಿಟ್ಟಿದ್ದಾಳೆ. ಜೇನಳು ಬೆಳಗ್ಗೆ ಎದ್ದು ಮೊದಲು ಪಿಯಾನೋ ವಾದ್ಯವನ್ನು ಅಭ್ಯಾಸಮಾಡುವಳು. ಒಂಬತ್ತು ಗಂಟೆಗೆ ಎಲ್ಲರಿಗೂ ಬೆಳಗಿನ ಉಪಾಹಾರವನ್ನು ಸಿದ್ಧಪಡಿಸುವಳು. ಚಹ, ಸಕ್ಕರೆ, ದ್ರಾಕ್ಷಾರಸ ಇವುಗಳ ದಾಸ್ತಾನು ಆಕೆಯ ವಶದಲ್ಲಿತ್ತು. ಚಹ ಸಕ್ಕರೆಗಳು ಆ ಕಾಲದಲ್ಲಿ ಬೀಗದೊಳಗೆ ಇಡುವ ದುಬಾರಿ ಪದಾರ್ಥಗಳು. ಇಷ್ಟಕ್ಕೆ ಆಕೆಯ ಪಾಲಿನ ಮನೆಗೆಲಸ ಮುಗಿಯಿತು. ಉಳಿದುದೆಲ್ಲವೂ ಅಕ್ಕ ಕ್ಯಾಸಾಂಡ್ರಳದು. ಆಕೆಗೆ ಸಹಾಯವಾಗಿ ಗೆಳತಿ ಮಾರ್ಥಾ ಲಾಯ್ಡ್ ಇದ್ದಳು, ಕೆಲಸದವರೂ ಇದ್ದರು. ತಾಯಿಯು ಎಪ್ಪತ್ತನ್ನು ದಾಟಿದ ಮೇಲೆಯೂ ಕೂಲಿಯಾಳಿನ ಹಾಗೆ ಹಸಿರು ನಿಲುವಂಗಿಯನ್ನು ತೊಟ್ಟು ತೋಟದಲ್ಲಿ ತಾನೇ ಆಲೂಗೆಡ್ಡೆಯನ್ನು ಅಗೆಯುತ್ತಿದ್ದಳಂತೆ.

ಹೀಗೆ ಉಳಿದ ಮೂವರು ತಮ್ಮತಮ್ಮಲ್ಲಿ ಕೆಲಸವನ್ನು ಹಂಚಿಕೊಂಡುದರಿಂದ ನಾಲ್ಕನೆಯವಳಿಗೆ ಹೊತ್ತು ದೊರೆಯಿತು. ಆದರೆ ಪ್ರತ್ಯೇಕವಾದ ಕೊಠಡಿ ದೊರೆಯಲಿಲ್ಲ. ನಾಲ್ವರೂ ಓಡಾಡುವ ಸ್ಥಳದಲ್ಲಿಯೇ ಬರೆಯಬೇಕು. ಅಣ್ಣನ ಮಗ ಜೇಮ್ಸ್ ಎಡ್ವರ್ಡ್ ಬರೆದ ಚರಿತ್ರೆಯಲ್ಲಿ ಒಂದು ಸಂಗತಿ ಬರುತ್ತದೆ. ಹೊರಬಾಗಿಲಿಗೂ ಕೆಲಸದವರ ಕೊಠಡಿಗಳಿಗೂ ನಡುವೆ ಇದ್ದ ಒಂದು ಬಾಗಿಲು ತೆರೆದಾಗಲೆಲ್ಲ ಕಿರುಗುಟ್ಟುತ್ತಿತ್ತು. ಅದನ್ನು ಸರಿಮಾಡಿಸಬಾರದೆಂದು ಜೇನಳೇ ಕೇಳಿಕೊಂಡಳು. ಏಕೆಂದರೆ ಆ ಸದ್ದಿನಿಂದ ಯಾರೋ ಬರುತ್ತಿರುವರೆಂದು ತಿಳಿಯುವುದು. ಆಕೆ ಸಣ್ಣ ಸಣ್ಣ ಹಾಳೆಗಳಲ್ಲಿಯೇ ಬರೆಯುತ್ತಿದ್ದಳು. ಅನ್ಯರು ಬಂದರೆ ಅವನ್ನು ತಟ್ಟನೆ ಎತ್ತಿಡಬಹುದು, ಇಲ್ಲವೆ ಮಸಿ ಹೀರುವ ಕಾಗದವನ್ನು ಮೇಲೆ ಮುಚ್ಚಬಹುದು. ಬರೆಯುವ ವಿಷಯವು ಮನೆಯ ಹೊರಗಿನವರಿಗೆ ಗೊತ್ತಾಗಬಾರದೆಂಬುದು ಆಕೆಯ ಇಷ್ಟವಾಗಿತ್ತು.

ಉಳಿದುಬಂದಿರುವ ಹಸ್ತಪ್ರತಿಗಳು ಈ ಅಭ್ಯಾಸಕ್ಕೆ ಸಾಕ್ಷಿಯಾಗಿವೆ. ದೊಡ್ಡ ಹಾಳೆಗಳನ್ನು ಕತ್ತರಿಸಿ, ಮಡಿಸಿ, ತಾನೇ ಪುಟ್ಟ ಪುಸ್ತಕಗಳನ್ನು ಮಾಡಿಕೊಂಡು ಎರಡು ಕಡೆಯೂ ಒತ್ತಾಗಿ ಬರೆಯುವುದು ಆಕೆಯ ಕ್ರಮ. ಅರ್ಧದಲ್ಲಿ ಬಿಟ್ಟ ಕಾದಂಬರಿಯ ಹಸ್ತಪ್ರತಿಯಲ್ಲಿ, ಮಧ್ಯೆ ಸೇರಿಸಬೇಕಾದ ಭಾಗವನ್ನು ಬೇರೆ ಚೂರಿನ ಮೇಲೆ ಬರೆದು, ಆ ಸ್ಥಳಕ್ಕೆ ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದಳು. ಹೊಲಿಗೆಯವರು ಬಟ್ಟೆಗೆ ತೇಪೆಯನ್ನು ಜೋಡಿಸುವ ರೀತಿಯೇ ಅದು.

ಇನ್ನೊಂದು ವಿಷಯವನ್ನು ಹೇಳದಿರಲಾರೆ. ಮಾರ್ಥಾ ಲಾಯ್ಡ್ ಅಡುಗೆಯ ವಿಧಾನಗಳನ್ನೂ ಮನೆಮದ್ದುಗಳನ್ನೂ ಬರೆದಿಟ್ಟುಕೊಂಡಿದ್ದ ಕೈಪುಸ್ತಕವು ಈಗಲೂ ಉಳಿದಿದೆ. ಅದರಲ್ಲಿ ತಿಂಡಿತಿನಿಸುಗಳ ಜೊತೆಯಲ್ಲಿಯೇ ಮಸಿ ಮಾಡುವ ಕ್ರಮವೂ ಇದೆ. ಮಾಚಿಕಾಯಿ, ಅನ್ನಭೇದಿ, ಗೋಂದು ಇವುಗಳನ್ನು ಕುಟ್ಟಿ, ಹಳೆಯ ಬಿಯರಿನಲ್ಲಿ ಹಾಕಿ, ಒಲೆಯ ಮೂಲೆಯಲ್ಲಿ ಹದಿನಾಲ್ಕು ದಿನ ಇಟ್ಟು, ದಿನಕ್ಕೆ ಎರಡು ಮೂರು ಸಲ ಕುಲುಕಬೇಕು. ಬಿಯರನ್ನು ಬಿಟ್ಟರೆ ಉಳಿದ ಪದಾರ್ಥಗಳು ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿಯೂ ದೊರೆಯತಕ್ಕವೇ. ಕಾದಂಬರಿಯ ಮಸಿಯೂ ಒಲೆಯ ಪಕ್ಕದಲ್ಲಿಯೇ ಹದವಾಗುವ ಪದಾರ್ಥವೆಂದು ಇದರಿಂದ ತಿಳಿಯಿತು.

ಈ ಏರ್ಪಾಡು ತಪ್ಪಿದರೆ ಏನಾಗುತ್ತಿತ್ತೆಂಬುದಕ್ಕೂ ಸಾಕ್ಷ್ಯವುಂಟು. ೧೮೧೬ರ ಸೆಪ್ಟೆಂಬರಿನಲ್ಲಿ ಕ್ಯಾಸಾಂಡ್ರಳು ಊರಿನಲ್ಲಿರಲಿಲ್ಲ. ಮನೆಗೆ ಬಂದವರ ಉಪಚಾರವೆಲ್ಲ ಜೇನಳ ಮೇಲೆ ಬಿದ್ದಿತ್ತು. ತಲೆಯ ತುಂಬ ಕುರಿಯ ಮಾಂಸದ ತುಂಡುಗಳೂ ರೇವಲ್ಚಿನ್ನಿಯ ಔಷಧದ ಪ್ರಮಾಣಗಳೂ ತುಂಬಿಕೊಂಡಿರುವಾಗ ಗ್ರಂಥರಚನೆ ತನ್ನಿಂದಾಗದ ಮಾತು ಎಂಬ ಅರ್ಥದಲ್ಲಿ ಆಕೆ ಅಕ್ಕನಿಗೆ ಕಾಗದ ಬರೆದಳು. ಹಾಸ್ಯದ ಮಾತೆಂಬುದು ನಿಜ. ಆದರೆ ಅಕ್ಕನು ಉಳಿದ ದಿನಗಳಲ್ಲಿ ತನಗಾಗಿ ಏನನ್ನು ಹೊತ್ತಿರುವಳೆಂಬುದನ್ನು ಬಲ್ಲವಳು ಆಡಿದ ಮಾತೂ ಹೌದು.

ಇನ್ನು ವ್ಯಾಪಾರದ ಮಾತು. ತಂದೆಯ ಕಾಲಾನಂತರ ಈ ಹೆಂಗಸರು ಬಹುಮಟ್ಟಿಗೆ ಗಂಡುಮಕ್ಕಳ ಸಹಾಯದಿಂದ ಬದುಕುತ್ತಿದ್ದರು. ಜೇನಳಿಗೆ ಸ್ವಂತವೆಂಬ ಆಸ್ತಿ ಇರಲಿಲ್ಲ. ಹೀಗಿದ್ದೂ ತನ್ನ ಮೊದಲ ಗ್ರಂಥವಾದ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯನ್ನು ೧೮೧೧ರಲ್ಲಿ ಎಗರ್ಟನ್ ಎಂಬ ಪ್ರಕಾಶಕನ ಮೂಲಕ ಸ್ವಂತ ಹೊಣೆಯ ಮೇಲೆ ಹೊರಡಿಸಿದಳು. ಎಂದರೆ ಲಾಭ ಬಂದರೆ ತನಗೆ. ಮಾರಾಟವಾಗದಿದ್ದರೆ ಅಚ್ಚಿನ ವೆಚ್ಚವೂ ತನ್ನದೇ. ನಷ್ಟವಾದರೆ ತುಂಬುವುದಕ್ಕೆಂದು ತನ್ನ ಸಣ್ಣ ವರಮಾನದಲ್ಲಿ ಒಂದಿಷ್ಟನ್ನು ಎತ್ತಿಟ್ಟಿದ್ದಳೆಂದು ಅಣ್ಣ ಹೆನ್ರಿ ಬರೆದಿದ್ದಾನೆ. ಲಂಡನ್ನಿನಲ್ಲಿದ್ದ ಅವನೇ ಆಕೆಯ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುತ್ತಿದ್ದವನು. ಪುಸ್ತಕದ ಮೇಲೆ ಹೆಸರಿರಲಿಲ್ಲ. ಒಬ್ಬ ಮಹಿಳೆ ಬರೆದುದೆಂದು ಮಾತ್ರ ಇತ್ತು. ೧೮೧೩ರ ಹೊತ್ತಿಗೆ ಪ್ರತಿಗಳೆಲ್ಲ ಮುಗಿದು ಆಕೆಗೆ ೧೪೦ ಪೌಂಡು ದೊರೆಯಿತು.

ಎರಡನೆಯ ಗ್ರಂಥವಾದ 'ಪ್ರೈಡ್ ಅಂಡ್ ಪ್ರೆಜುಡಿಸ್' ವಿಷಯದಲ್ಲಿ ಮಾತ್ರ ಆಕೆ ಗ್ರಂಥಸ್ವಾಮ್ಯವನ್ನೇ ಮಾರಿದಳು. ೧೫೦ ಪೌಂಡು ಬೇಕೆಂದಿದ್ದಳು, ೧೧೦ಕ್ಕೆ ಒಪ್ಪಿಕೊಂಡಳು. ಅದು ೧೮೧೩ರ ಜನವರಿಯಲ್ಲಿ ಹೊರಬಂದು ಅದೇ ವರ್ಷವೇ ಎರಡನೆಯ ಮುದ್ರಣವನ್ನು ಕಂಡಿತು. ಹೆಚ್ಚಿನ ಲಾಭದಲ್ಲಿ ಆಕೆಗೆ ಕಾಸೂ ಬರಲಿಲ್ಲ. ಆ ಮೇಲೆ ಆಕೆ ತನ್ನ ಹಳೆಯ ಕ್ರಮಕ್ಕೇ ಹಿಂದಿರುಗಿದಳು. ೧೮೧೪ರ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಸ್ವಂತ ಹೊಣೆಯದು. ೧೮೧೫ರಲ್ಲಿ ಜಾನ್ ಮರ್ರೆ ಎಂಬ ಹೆಸರಾದ ಪ್ರಕಾಶಕನು 'ಎಮ್ಮ'ದ ಜೊತೆಗೆ ಹಿಂದಿನ ಎರಡು ಗ್ರಂಥಗಳ ಸ್ವಾಮ್ಯವನ್ನೂ ಸೇರಿಸಿ ೪೫೦ ಪೌಂಡು ಕೊಡುವೆನೆಂದರೂ ಒಪ್ಪಲಿಲ್ಲ. 'ಎಮ್ಮ'ದ ೨೦೦೦ ಪ್ರತಿಗಳನ್ನು ತನ್ನ ಹೊಣೆಯಲ್ಲಿಯೇ ಅಚ್ಚುಹಾಕಿಸಿದಳು. ಅದರ ಲಾಭದಿಂದ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಎರಡನೆಯ ಮುದ್ರಣದ ನಷ್ಟವನ್ನು ಕಳೆದು, ೧೮೧೭ರಲ್ಲಿ ಕೈಗೆ ಬಂದದ್ದು ೩೮ ಪೌಂಡು ಮತ್ತು ಕೆಲವು ಷಿಲ್ಲಿಂಗು. ಸ್ವಾತಂತ್ರ್ಯಕ್ಕೂ ಬೆಲೆ ತೆರಬೇಕಾಗುವುದು. ಆಕೆ ಅದನ್ನು ತೆತ್ತಳು. ಹತ್ತು ಪೌಂಡಿಗೆ ಮಾರಿಹೋಗಿದ್ದ ಹಳೆಯ ಹಸ್ತಪ್ರತಿಯನ್ನೂ ೧೮೧೬ರಲ್ಲಿ ಅದೇ ಹತ್ತು ಪೌಂಡನ್ನು ಕೊಟ್ಟು ಬಿಡಿಸಿಕೊಂಡಳು.

ಹಣದಲ್ಲಿ ಮಾತ್ರವಲ್ಲ, ಮನಸ್ಸಿನಲ್ಲಿಯೂ ಆಕೆ ಸ್ವತಂತ್ರಳು. ರಾಜಪ್ರತಿನಿಧಿಯಾಗಿದ್ದ ಯುವರಾಜನ ಪುಸ್ತಕಭಂಡಾರದ ಅಧಿಕಾರಿಯು ರಾಜವಂಶವೊಂದರ ಚರಿತ್ರೆಯನ್ನು ಕುರಿತು ಕಥೆ ಬರೆಯಬಹುದೆಂದು ೧೮೧೬ರಲ್ಲಿ ಸೂಚಿಸಿದಾಗ, ನಗುವುದಕ್ಕೆ ಎಡೆಯಿಲ್ಲದ ಅಂಥ ಗ್ರಂಥವನ್ನು ಪ್ರಾಣ ಉಳಿಸಿಕೊಳ್ಳುವುದಕ್ಕಲ್ಲದೆ ಬರೆಯಲಾರೆ, ನನ್ನ ದಾರಿಯೇ ನನಗಿರಲಿ ಎಂದು ವಿನಯದಿಂದಲೇ ತಿಳಿಸಿಬಿಟ್ಟಳು.

ಆಕೆಯ ಮೊದಲ ಓದುಗರು ಮನೆಯವರು. 'ಪ್ರೈಡ್ ಅಂಡ್ ಪ್ರೆಜುಡಿಸ್' ಅಚ್ಚಾಗಿ ಮನೆಗೆ ಬಂದ ದಿನ ನೆರೆಯ ಮಿಸ್ ಬೆನ್ ಎಂಬ ಬಡ ಮಹಿಳೆ ಊಟಕ್ಕೆ ಬಂದಿದ್ದಳು. ಸಂಜೆ ತಾಯಿಯೂ ಮಗಳೂ ಅದನ್ನು ಆಕೆಗೆ ಓದಿ ಹೇಳಿದರು. ಬರೆದವಳು ಎದುರಿಗೇ ಕುಳಿತಿರುವಳೆಂಬುದನ್ನು ಮಾತ್ರ ಹೇಳಲಿಲ್ಲ. ಆಕೆ ಕಥೆಯನ್ನು ಕೇಳಿ ನಲಿದುದೇ ಜೇನಳಿಗೆ ದೊಡ್ಡ ಸಂತೋಷ.

ಬರೆದುದನ್ನು ತಿದ್ದುವುದರಲ್ಲಿ ಆಕೆಗೆ ಬೇಸರವಿರಲಿಲ್ಲ. ೧೮೧೬ರ ಜುಲೈಯಲ್ಲಿ 'ಪರ್ಸ್ಯುಯೇಷನ್' ಕಾದಂಬರಿಯನ್ನು ಮುಗಿಸಿದಳು. ಆದರೆ ಮುಕ್ತಾಯವು ಸಪ್ಪೆಯಾಯಿತೆಂದು ಕೊರಗಿದಳು. ಆಗಲೇ ದೇಹದಲ್ಲಿ ಸ್ವಾಸ್ಥ್ಯವಿರಲಿಲ್ಲ. ಒಂದು ರಾತ್ರಿ ಬಹಳ ಕುಗ್ಗಿ ಮಲಗಿದವಳು ಬೆಳಗ್ಗೆ ಹೊಸ ಹುರುಪಿನಿಂದ ಎದ್ದು, ಆ ಭಾಗವನ್ನು ತೆಗೆದುಹಾಕಿ ಬೇರೆ ಬರೆದಳು. ಆಗಸ್ಟ್ ೬ರ ಹೊತ್ತಿಗೆ ಅದು ಮುಗಿಯಿತು. ೧೮೧೭ರ ಜನವರಿಯಲ್ಲಿ ಮತ್ತೊಂದನ್ನು ಆರಂಭಿಸಿದಳು. ಮಾರ್ಚ್ ೧೮ರಂದು ಲೇಖನಿಯನ್ನು ಕೆಳಗಿಡಬೇಕಾಯಿತು. ಮೇ ತಿಂಗಳಿನಲ್ಲಿ ವೈದ್ಯಕ್ಕಾಗಿ ಹದಿನಾರು ಮೈಲಿ ದೂರದ ವಿಂಚೆಸ್ಟರಿಗೆ ಹೋದಳು, ಅಕ್ಕನು ಜೊತೆಯಲ್ಲಿದ್ದಳು. ಜುಲೈ ೧೮ರ ಬೆಳಗಿನ ಜಾವ ಅಕ್ಕನ ಆರೈಕೆಯಲ್ಲಿಯೇ ಕಣ್ಣುಮುಚ್ಚಿದಳು. ಆಗ ನಲವತ್ತೊಂದು ವರ್ಷ. ವಿಂಚೆಸ್ಟರಿನ ದೊಡ್ಡ ಇಗರ್ಜಿಯಲ್ಲಿರುವ ಆಕೆಯ ಸಮಾಧಿಶಿಲೆಯಲ್ಲಿ ಗುಣಗಳ ವರ್ಣನೆಯುಂಟು. ಕಾದಂಬರಿ ಬರೆದಳೆಂಬ ಒಂದು ಮಾತಿಲ್ಲ. ಅದನ್ನು ತಿಳಿಸುವ ಹಿತ್ತಾಳೆಯ ಫಲಕವನ್ನು ಮನೆತನದವರು ಗೋಡೆಗೆ ಹಾಕಿಸಿದ್ದು ೧೮೭೨ರಲ್ಲಿ.

ಕ್ಯಾಸಾಂಡ್ರಳು ೧೮೪೫ರವರೆಗೆ ಚಾಟನ್ನಿನ ಮನೆಯಲ್ಲಿಯೇ ಬಾಳಿದಳು. ಅನಂತರ ಮನೆಯು ಕೂಲಿಕಾರರ ಬಿಡಾರಗಳಾಗಿ ಒಡೆಯಿತು. ಎರಡನೆಯ ಮಹಾಯುದ್ಧದಲ್ಲಿ, ೧೯೪೪ರಲ್ಲಿ, ಮಗನನ್ನು ಕಳೆದುಕೊಂಡ ಎಡ್ವರ್ಡ್ ಕಾರ್ಪೆಂಟರ್ ಎಂಬ ಲಂಡನ್ನಿನ ನ್ಯಾಯವಾದಿಯು ಆ ಮಗನ ನೆನಪಿಗಾಗಿ ಮನೆಯನ್ನು ಕೊಂಡು ಸಾರ್ವಜನಿಕರಿಗೆ ಒಪ್ಪಿಸಿದನು. ೧೯೪೯ರಲ್ಲಿ ಅದು ಸಂಗ್ರಹಾಲಯವಾಗಿ ತೆರೆಯಲ್ಪಟ್ಟಿತು. ಊರಿನ ಇಗರ್ಜಿಯ ಅಂಗಳದಲ್ಲಿ ತಾಯಿ ಮತ್ತು ಕ್ಯಾಸಾಂಡ್ರಳ ಸಮಾಧಿಗಳು ಅಕ್ಕಪಕ್ಕದಲ್ಲಿವೆ. ನನ್ನ ಪತ್ನಿಯು ಅಲ್ಲಿಗೂ ಹೋಗಬೇಕೆಂದಳು. ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆವು.

ಹಿಂದಿರುಗುವಾಗ ರೈಲಿನಲ್ಲಿ ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆ ಮೇಲೆ, "ನಾನೂ ಒಂದು ಕಥೆ ಬರೆಯುತ್ತಿದ್ದೆ" ಎಂದಳು. ತವರಿನಲ್ಲಿದ್ದಾಗ ಎಂಟು ಅಧ್ಯಾಯಗಳಾಗಿದ್ದುವಂತೆ. ನಮ್ಮ ಮನೆಗೆ ಬಂದ ಮೇಲೆ ಒಂದು ವರ್ಷ ಹಾಗೂ ಹೀಗೂ ಮುಂದುವರಿಸಿ ನಿಲ್ಲಿಸಿದಳಂತೆ.

"ಏಕೆ ಬಿಟ್ಟೆ? ಬೇಡವೆಂದವರು ಯಾರು?" ಎಂದು ಕೇಳಿದೆ.

"ಯಾರೂ ಬೇಡವೆನ್ನಲಿಲ್ಲ. ಕುಳಿತಾಗಲೆಲ್ಲ ಯಾರಾದರೂ ಕರೆಯುತ್ತಿದ್ದರು" ಎಂದಳು.

ನಮಗೆ ಮದುವೆಯಾಗಿ ಮೂವತ್ತೊಂದು ವರ್ಷವಾಯಿತು. ಈ ಸಂಗತಿ ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಕರೆದವರಲ್ಲಿ ಹೆಚ್ಚು ಸಲ ಕರೆದವನು ನಾನೇ ಇರಬೇಕು.

ಊರಿಗೆ ಬಂದ ಮೇಲೆ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಆ ಪುಸ್ತಕ ಸಿಕ್ಕಿತು. ಮೊದಲ ಕೆಲವು ಹಾಳೆಗಳು ಹುಳು ತಿಂದಿದ್ದವು, ಉಳಿದುದು ಓದುವಂತಿದೆ. ಪಡಸಾಲೆಯ ಕಿಟಕಿಯ ಬಳಿ ನನ್ನ ವೃತ್ತಪತ್ರಿಕೆಗಳು ರಾಶಿಬೀಳುತ್ತಿದ್ದ ಮೇಜನ್ನು ತೆರವು ಮಾಡಿದ್ದೇನೆ. ಬೆಳಗಿನ ಕಾಫಿಯೂ ತಿಂಡಿಯೂ ಈಗ ನನ್ನ ಪಾಲಿನ ಕೆಲಸ. ಉಪ್ಪಿಟ್ಟು ಒಂದೊಂದು ದಿನ ತಳ ಹತ್ತುವುದುಂಟು. ಎಂಟರಿಂದ ಹತ್ತರವರೆಗೆ ಆಕೆಯನ್ನು ಯಾರೂ ಕರೆಯಕೂಡದೆಂದು ಮನೆಯಲ್ಲಿ ಗೊತ್ತುಮಾಡಿಕೊಂಡಿದ್ದೇವೆ. ಆಕೆ ಏನು ಬರೆಯುತ್ತಿರುವಳೆಂದು ನಾನು ಕೇಳಿಲ್ಲ, ಆಕೆಯೂ ಹೇಳಿಲ್ಲ.

ಎಲ್ಲರ ಮನೆಯಲ್ಲಿಯೂ ಒಬ್ಬ ಜೇನ್ ಆಸ್ಟೆನ್ ಇರುವಳೆಂದು ನಾನು ಹೇಳಲಾರೆ. ಆದರೆ ಅರ್ಧಕ್ಕೆ ನಿಂತ ಒಂದು ಪುಸ್ತಕವೋ, ಹಾಡೋ, ಚಿತ್ರವೋ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಇದ್ದೀತು. ಚಾಟನ್ನಿನ ನಾಲ್ವರು ಹೆಂಗಸರು ಮಾಡಿದುದು ಅದ್ಭುತವಾದ ಕಾರ್ಯವೇನೂ ಅಲ್ಲ. ಕೆಲಸವನ್ನು ಹಂಚಿಕೊಂಡು ಒಬ್ಬಳಿಗೆ ಹೊತ್ತನ್ನು ಉಳಿಸಿಕೊಟ್ಟರು. ಅಷ್ಟನ್ನು ಮಾಡುವುದಕ್ಕೆ ಇಂಗ್ಲೆಂಡಿಗೆ ಹೋಗಿಬರಬೇಕಾಗಿಲ್ಲ. ನಾನು ಹೋಗಿಬಂದ ಮೇಲೆ ಅರಿತೆನು. ವಾಚಕರು ಮನೆಯಲ್ಲಿ ಕುಳಿತೇ ವಿಚಾರಿಸಿ ನೋಡಬಹುದು.